ಗಬ್ಬೂರಿಗೇ ಕರಗಿದ ಬರ್ಫ

ಡಬ್ಬಿ ಬಂದದ್ದು ರಾಯಚೂರಿನ ಮೋಟಾರಿನಲ್ಲಿ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಮೋಟಾರುಗಳ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದಲ್ಲಿ ಮಂದಿ ಇಳಿದು ನಡೆಯುವುದು, ಡ್ರೈವರು ಇಳಿದು ಒಲೆ ಕೆದಕುವುದು, ಮತ್ತೆ ಎಲ್ಲರೂ ಹತ್ತುವುದು. ಹೀಗೆ ಹೊಗೆ ಉಗುಳುತ್ತ ದೇವದುರ್ಗ ಮುಟ್ಟುವಷ್ಟರಲ್ಲಿ ಹೊತ್ತು ಪಡುವಣಕ್ಕೆ ವಾಲಿರುತ್ತಿತ್ತು. ಅಂಥ ಒಂದು ಇಳಿಹೊತ್ತಿನಲ್ಲಿ ಡ್ರೈವರ ಹಂಪಯ್ಯ ಮೈತುಂಬ ಮಸಿ ಮಾಡಿಕೊಂಡು ಹುಣಸೆಹಣ್ಣಿನ ವ್ಯಾಪಾರಿ ಖಾಜಾಮಿಯಾನ ಮನೆಯ ಬಾಗಿಲಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಕಟ್ಟೆಯ ಮೇಲಿಟ್ಟ.

"ಅಕ್ಕಾರ, ನಿಮ್ಮಣ್ಣ ಕೊಟ್ಟಾನ್ರಿ."

ಖಾಜಾಮಿಯಾನ ಹೆಂಡತಿ ಸುಗ್ರಾ ಬೇಗಂ ಪರದೆಯ ಮರೆಯಿಂದ ಕೈ ಚಾಚಿ ಗಂಟನ್ನು ಎಳೆದುಕೊಂಡಳು. ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು. ಬಟ್ಟೆಯ ಮೇಲಿಂದಲೇ ಬೆರಳಿಗೆ ಒಂದು ಮೂಲೆಯ ತಗ್ಗು ತಾಗಿತ್ತು. ಅಣ್ಣ ಹುಡುಗನಾಗಿದ್ದಾಗ ಬಾವಿಕಟ್ಟೆಯ ಮೇಲೆ ಕೆಡವಿ ಮಾಡಿದ ತಗ್ಗು.

"ಏನರ ಹೇಳಿದನೇನು?"

"ಶುಕ್ರವಾರ ಬರ್ಫ ಕಳಸ್ತೀನಿ, ಅಮ್ಮ ಮಾಡಿದಂಗ ಮಾಡು ಅಂತ ಹೇಳು ಅಂದ."

"ಮತ್ತ?"

"ಮತ್ತೇನಿಲ್ರಿ." ಹಂಪಯ್ಯ ಒಂದು ಗಳಿಗೆ ಯೋಚಿಸಿದ. "ನನಗ ಒಂದು ಬೀಡಿ ಕೊಟ್ಟ."

ಅವನು ಹೋದಮೇಲೂ ಸುಗ್ರಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು. ವಿಲಾಯತಿ ಬಿಸ್ಕೀಟಿನ ತಗಡಿನ ಡಬ್ಬಿ ಅದು, ಉದ್ದ, ಚಪ್ಪಟೆ. ಮೇಲಿನ ಚಿತ್ರ ಯಾವಾಗಲೋ ಅಳಿಸಿ ಹೋಗಿ ಹೆಣ್ಣೊಬ್ಬಳ ಟೋಪಿ ಮಾತ್ರ ಉಳಿದಿತ್ತು. ತಂದೆ ಖಾಸಿಂ ಸಾಬ್ ರಾಯಚೂರಿನಲ್ಲಿ ರೈಲ್ವೆ ಸಾಹೇಬರೊಬ್ಬರ ಮನೆಯಲ್ಲಿ ಅಡುಗೆ ಮಾಡುವ ಬಾವರ್ಚಿಯಾಗಿದ್ದ. ಸಾಹೇಬರ ಮೇಜಿನ ಮೇಲೆ ಹೋಗುತ್ತಿದ್ದ ಒಂದು ತಿನಿಸನ್ನು ಮನೆಯಲ್ಲಿಯೂ ಮಾಡಬೇಕೆಂದು ಆ ಡಬ್ಬಿಗೆ ಬಿಗಿಯಾದ ಮುಚ್ಚಳ ಮಾಡಿಸಿ, ಒಳಗೆ ಮೊಳೆಯಿಂದ ಎರಡು ಗೆರೆ ಗೀರಿದ್ದ. ಮೊದಲ ಗೆರೆಯ ತನಕ ಗುಲಾಬಿಯ ಹಾಲು, ಎರಡನೆಯ ಗೆರೆಯ ತನಕ ಮಾವು, ಅದರ ಮೇಲೆ ಖೋವಾ. ಒಂದು ಹೆಪ್ಪುಗಟ್ಟಿದ ಮೇಲೆಯೇ ಇನ್ನೊಂದು. ಮನೆಯಲ್ಲಿ ಅದಕ್ಕೆ 'ತೀನ್ ಪರತ್' ಎನ್ನುತ್ತಿದ್ದರು, ಮೂರು ಪದರ ಎಂದು. ತಂದೆ ಬೇಗ ತೀರಿಕೊಂಡ. ಕೈಗುಣ ತಾಯಿ ಅಕ್ಬರಿ ಬೇಗಮಳಿಗೆ ಉಳಿಯಿತು. ವರ್ಷಕ್ಕೊಂದೇ ಸಲ, ಬೇನಿಷಾ ಮಾವು ಬಂದ ಹೊಸತರಲ್ಲಿ, ರಾಯಚೂರು ಕೋಟೆಯ ಒಳಗಿನ ಅಂದ್ರೂನ್ ಕಿಲ್ಲಾದ ಆ ಸಣ್ಣ ಮನೆಯ ಅಂಗಳದಲ್ಲಿ ತಾಯಿ ಮರದ ಟೊಪ್ಪಲಿಗೆ ಬರ್ಫದ, ಎಂದರೆ ಮಂಜುಗಡ್ಡೆಯ, ಚೂರು ತುಂಬಿ ಕುಳಿತಳೆಂದರೆ ಓಣಿಯ ಮಕ್ಕಳೆಲ್ಲ ಗೋಡೆ ಹತ್ತಿ ಕಾಯುತ್ತಿದ್ದರು.

ತಾಯಿ ತೀರಿ ಎರಡು ಬೇಸಿಗೆ ಕಳೆದಿತ್ತು. ನಲವತ್ತನೆಯ ದಿನದ ಫಾತಿಹಾ ಮುಗಿದು ಹೊರಡುವಾಗ ಸುಗ್ರಾ ಈ ಡಬ್ಬಿಯನ್ನು ಎತ್ತಿಕೊಂಡಿದ್ದಳು. ಬೇರೇನೂ ಬೇಡವಾಗಿತ್ತು ಅವಳಿಗೆ. ಅತ್ತಿಗೆ ಶಹಜಾದಿ ಬೇಗಂ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈ ಮನ್ಯಾಗ ಒಂದು ಡಬ್ಬಿನೂ ಉಳಿಯಂಗಿಲ್ಲ ಅಂತ ಕಾಣ್ತದ" ಎಂದಳು. ಬರ್ಫದ ಕಾರ್ಖಾನೆಯಲ್ಲಿ ದುಡಿಯುವ ಅಣ್ಣ ಮೀರಾಹುಸೇನ ಅಲ್ಲೇ ಇದ್ದ. ನೆಲ ನೋಡಿದ. ಸುಗ್ರಾ ಡಬ್ಬಿಯನ್ನು ಇದ್ದಲ್ಲೇ ಇಟ್ಟು, "ನೀ ಕರಿಯೋತನಾ ನಾ ಈ ಹೊಸ್ತಿಲ ತುಳಿಯಂಗಿಲ್ಲ" ಎಂದು ಹೇಳಿ ಬಂದಿದ್ದಳು.

ಕರೆಯದೆ ತವರಿಗೆ ಹೋಗುವ ಪದ್ಧತಿ ಆ ಕಡೆ ಯಾವ ಜಾತಿಯಲ್ಲೂ ಇರಲಿಲ್ಲ. ತಂದೆಯೋ ಅಣ್ಣನೋ ಬಂದು, ಒಂದು ಹೊತ್ತು ಉಂಡು, 'ಕರಕೊಂಡು ಹೋಗ್ತೀವಿ' ಎಂದು ಅತ್ತೆಯನ್ನು ಕೇಳಬೇಕು. ಶಹಜಾದಿಯ ತವರು ಮಾನ್ವಿ. ವರ್ಷಕ್ಕೆರಡು ಬಾರಿ ಅವಳ ತಂದೆ ಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಾನೆ, ಹೋಗುವಾಗ ಬರುವಾಗ ಬುತ್ತಿಯ ಗಂಟು. ಸುಗ್ರಾಳಿಗೆ ತಾಯಿ ಇರುವ ತನಕ ಆ ಚಿಂತೆ ಇರಲಿಲ್ಲ. ತಾಯಿಯೇ ಮಗನನ್ನು ಅಟ್ಟುತ್ತಿದ್ದಳು; ಬೇಸಿಗೆಯಲ್ಲಿ ಕಾರ್ಖಾನೆ ಬಿಡುವು ಕೊಡದೆ ಅವನು ಬರುವುದು ಮಾತ್ರ ಮಳೆ ಬಿದ್ದು ಮಾವು ಮುಗಿದ ಮೇಲೆ. ಈಗ ಅಟ್ಟುವವರು ಯಾರು? ಮಾವಿನ ಹಂಗಾಮು ಬಂದಾಗಲೆಲ್ಲ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ರಾಯಚೂರಿನ ಮೋಟಾರಿನ ಸದ್ದು ಕೇಳಿದರೆ ಕೈಯಲ್ಲಿನ ಹಿಟ್ಟು ಕೈಯಲ್ಲೇ. ಈಗ ಡಬ್ಬಿ ಬಂದಿತ್ತು. ಬರ್ಫವೂ ಬರುವುದಿತ್ತು. 'ಬಾ' ಎನ್ನುವುದೊಂದು ಬಂದಿರಲಿಲ್ಲ.

ಅತ್ತೆ ಬಡೇಬೀ ಮಂಚದ ಮೇಲಿನಿಂದ ಎಲ್ಲ ನೋಡುತ್ತಿದ್ದಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಮಾತಿಗೆ ಅದರಿಂದ ಅಡ್ಡಿಯೂ ಇರಲಿಲ್ಲ.

"ದುಲ್ಹನ್, ಆ ಡಬ್ಬಿ ಹಂಗ ಹಿಡಕೊಂಡು ಕುಂದ್ರಬ್ಯಾಡ. ಕೂಸು ಅಂತ ತಿಳದು ಓಣಿ ಮಂದಿ ನೋಡಾಕ ಬಂದಾರು."

ಸಕ್ಕರೆ ಕಂಟ್ರೋಲಿನಲ್ಲಿ ಸಿಗುತ್ತಿದ್ದ ದಿನಗಳು. ಸುಗ್ರಾ ಆ ವಾರ ಚಹಾಕ್ಕೆ ಬೆಲ್ಲ ಹಾಕಿ, ಗಂಡ ಮುಖ ಕಿವುಚಿದರೂ ನೋಡದವಳಂತೆ ಇದ್ದು, ಸಕ್ಕರೆ ಉಳಿಸಿದಳು. ಶುಕ್ರವಾರ ಬೆಳಗಿನಿಂದ ಎಮ್ಮೆಯ ಹಾಲು ಒಲೆಯ ಮೇಲಿತ್ತು. ಕೆನೆ ಕಟ್ಟಿದಂತೆಲ್ಲ ಪಾತ್ರೆಯ ಅಂಚಿಗೆ ಸರಿಸುತ್ತ, ತಳ ಹತ್ತದಂತೆ ತಿರುವುತ್ತ ಕುಳಿತಳು. ಗುಲಾಬಿಯ ಶರಬತ್ತು ತರಿಸಿ ಇಟ್ಟಿದ್ದಳು. ಮಾವು ನೀರಲ್ಲಿ ನೆನೆದಿತ್ತು.

ಮೋಟಾರು ಬಂತು. ಹಂಪಯ್ಯ ಗೋಣಿಚೀಲವೊಂದನ್ನು ತಂದು ಅಂಗಳದಲ್ಲಿಟ್ಟ. ಚೀಲದಿಂದ ನೀರು ಸೋರಿ, ಅವನು ಬಂದ ದಾರಿ ಉದ್ದಕ್ಕೂ ಗೆರೆ ಎಳೆದಿತ್ತು. ಬಿಚ್ಚಿದರೆ ನೆನೆದ ಕಟ್ಟಿಗೆ ಹೊಟ್ಟು, ಅಂಬಲಿಯ ಹಾಗೆ. ಅದರ ನಡುವೆ ಕೈಯಾಡಿಸಿದಾಗ ಮುಷ್ಟಿಯಷ್ಟು ಬರ್ಫ ಸಿಕ್ಕಿತು.

"ಗಬ್ಬೂರುತನಾ ಇತ್ರೀ," ಹಂಪಯ್ಯ ಎರಡೂ ಕೈ ಅಗಲ ಮಾಡಿ ತೋರಿಸಿದ, "ಇಷ್ಟು ಗಾತ್ರ ಇತ್ತು. ಗಬ್ಬೂರಾಗ ಒಲಿ ಆರಿಬಿಡ್ತು. ಊದಿ ಊದಿ ನಂದು ಗಂಟ್ಲ ಹೋತು, ಬರ್ಫ ಬೆನ್ನಿಗೆ ಹೋತು."

ಬಡೇಬೀ ಬರ್ಫವನ್ನು ಈ ಜನ್ಮದಲ್ಲಿ ಕಂಡವಳಲ್ಲ. ಆ ತುಣುಕನ್ನು ತೊಳೆದು ಅವಳ ಬಾಯಿಗಿಟ್ಟರು. ಅವಳು ಕಣ್ಣು ಮುಚ್ಚಿದಳು. ಅದು ಪೂರ್ತಿ ಕರಗುವ ತನಕ ಮನೆಯಲ್ಲಿ ಎಂದೂ ಇರದ ನಿಶ್ಶಬ್ದ ಇತ್ತು.

"ಹಲ್ಲಿದ್ದಾಗ ಬರಬೇಕಿತ್ತು ಇದು," ಎಂದಳು ಕೊನೆಗೆ. "ಈಗಾದ್ರೂ ಬಂತಲ್ಲ."

ಹಾಲು ಖೀರಾಯಿತು. ಖಾಜಾಮಿಯಾ ಎರಡು ಬಟ್ಟಲು ಕುಡಿದು ಚೆನ್ನಾಗಿದೆ ಎಂದ. ಸುಗ್ರಾ ಬಟ್ಟಲು ಮುಟ್ಟಲಿಲ್ಲ. ಮರುದಿನ ಹಂಪಯ್ಯನ ಬಾಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದಳು: ಬರ್ಫ ಗಬ್ಬೂರಿಗೇ ಕರಗಿತು ಅಂತ ಹೇಳು. ಹೇಳುವಾಗ ಒಂದು ಆಸೆಯಿತ್ತು. ಇಷ್ಟು ಕೇಳಿದ ಮೇಲೆ, ಹಂಗಾದ್ರ ನೀನೇ ಬಾ ಎಂದಾನು. ಬಂದ ಉತ್ತರ: ಬರೋ ಶುಕ್ರವಾರ ಇನ್ನೂ ದೊಡ್ಡ ಗಡ್ಡಿ ಕಳಸ್ತೀನಿ.

ಈ ಸಲ ಸುಗ್ರಾ ಬರ್ಫವನ್ನು ಹಂಪಯ್ಯನ ಮೇಲೆ ಬಿಡಲಿಲ್ಲ. ಗಂಡನ ಹುಣಸೆಹಣ್ಣಿನ ಕೋಠಿಯಲ್ಲಿ ದುಡಿಯುವ ಗದ್ದೆಪ್ಪನನ್ನು ಕರೆಸಿದಳು. ನಂಬಿಕೆಯ ಆಳು. ಹಣ್ಣು ಬಡಿಯುವುದರಿಂದ ಹಿಡಿದು ಗಡಿಗೆಗೆ ತುಂಬುವ ತನಕ ಅವನ ಕೈ ಹೋಗದ ಕೆಲಸವಿರಲಿಲ್ಲ.

"ಗದ್ದೆಪ್ಪ, ರಾಯಚೂರಿಗೆ ಹೋಗಿ ನಮ್ಮಣ್ಣನ ಕಡಿಂದ ಬರ್ಫ ಇಸ್ಕೊಂಡು ಬಾ. ಬಿಸಲಾಗ ಇಡಬ್ಯಾಡ. ದಾರ್ಯಾಗ ಬಿಚ್ಚಿ ಬಿಚ್ಚಿ ನೋಡಬ್ಯಾಡ. ಹಂಗ ಒಂದು ಚೀಲ ಹರಳುಪ್ಪೂ ತಾ, ಇಲ್ಲಿ ಪ್ಯಾಟ್ಯಾಗ ಮುಗದದ. ಬರ್ಫಕ್ಕ ಉಪ್ಪು ಬೇಕೇ ಬೇಕು."

"ಬರ್ಫಕ್ಕ ಉಪ್ಪು ಬೇಕೇನ್ರಿ?"

"ಬೇಕು. ಉಪ್ಪು ಇರಲಿಲ್ಲಂದ್ರ ಏನೂ ಆಗಂಗಿಲ್ಲ."

ಗದ್ದೆಪ್ಪ ತಲೆಯಾಡಿಸಿದ. ಅವನಿಗೆ ತಿಳಿದ ಮಾತೇ ಅದು.

ಮತ್ತೆ ಬೆಳಗಿನಿಂದ ಒಲೆ, ಮತ್ತೆ ಎಮ್ಮೆಯ ಹಾಲು. ಮೋಟಾರಿನ ಸದ್ದು ಕೇಳಿದಾಗ ಹಾಲು ಮೂರರಲ್ಲೊಂದು ಪಾಲಿಗೆ ಇಳಿದು ದಂತದ ಬಣ್ಣಕ್ಕೆ ಬಂದಿತ್ತು. ಗದ್ದೆಪ್ಪ ಬಗಲಲ್ಲಿ ಚೀಲ ತಬ್ಬಿಕೊಂಡು ಒಳಗೆ ಬಂದ. ಅವನ ಅಂಗಿ ಧೋತ್ರ ಒದ್ದೆ. ಮುಖದಲ್ಲಿ ಗೆದ್ದು ಬಂದವನ ಕಳೆ.

"ಅಕ್ಕಾರ, ಈ ಸರ್ತಿ ನಾ ಬಿಡಲಿಲ್ಲರಿ. ಆ ಹೊಟ್ಟಿನ್ಯಾಗ ಏನದ ಸತ್ವ? ನಿಮ್ಮಣ್ಣ ಕಟ್ಟಿಕೊಟ್ಟಿದ್ದು ಬಿಚ್ಚಿ ಹೊಟ್ಟು ಜಾಡಿಸಿ ಚೆಲ್ಲಿದೆ. ಕುಟ್ಟಿ ತುಂಡ ಮಾಡಿ, ಉಪ್ಪಿನ ಚೀಲದಾಗ ಒಂದು ಹಾಸು ಉಪ್ಪು, ಒಂದು ಹಾಸು ಬರ್ಫ, ಮ್ಯಾಲ ಮತ್ತ ಉಪ್ಪು ಹಾಕಿ ಬಿಗದು ಕಟ್ಟಿ ತಂದೀನಿ. ಹುಣಸಿಹಣ್ಣು ಹಾಕಿದಂಗ."

ಸುಗ್ರಾಳ ಕೈಯಲ್ಲಿ ಸೌಟು ನಿಂತಿತು.

ಗದ್ದೆಪ್ಪ ಗಂಟು ಬಿಚ್ಚಿ ಚೀಲದೊಳಗೆ ಕೈ ಹಾಕಿದ. ಮೊಣಕೈ ತನಕ ಹೋಯಿತು. ಹುಡುಕಿದ. ಹಿಡಿತುಂಬ ನೆನೆದ ಉಪ್ಪು ತೆಗೆದು ನೋಡಿದ, ಮತ್ತೆ ಹುಡುಕಿದ. ಅವನ ಮುಖದ ಕಳೆ ನಿಧಾನ ಇಳಿಯಿತು.

"ಹುಣಸಿಹಣ್ಣಿಗೆ ಉಪ್ಪು ಹಾಕಿಟ್ರ ವರ್ಷಗಟ್ಲೆ ಇರ್ತದರಿ. ಮಾವಿನಕಾಯಿ ಇರ್ತದ, ನಿಂಬಿಕಾಯಿ ಇರ್ತದ. ಇದ್ಯಾಕ ಹಿಂಗ ಮಾಡ್ತು?"

ಡಬ್ಬಿಯೊಳಗಿನದು ಹೆಪ್ಪುಗಟ್ಟಬೇಕಾದರೆ ಹೊರಗಿನ ಬರ್ಫ ಕರಗಲೇಬೇಕು, ಆ ಕರಗಿಸುವುದೇ ಉಪ್ಪಿನ ಕೆಲಸ ಎಂದು ಅವನಿಗೆ ಹೇಗೆ ಹೇಳುವುದು? ಹೇಳದೆ ಇದ್ದದ್ದು ತಾನೇ. ಸುಗ್ರಾಳಿಗೆ ನಗು ಬಂತು. ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು.

"ನಿಂದೇನೂ ತಪ್ಪಿಲ್ಲ ಗದ್ದೆಪ್ಪ. ಕುಂದ್ರು. ಚಹಾ ಕುಡಿ."

ಅವನು ಚಹಾ ಕುಡಿಯಲಿಲ್ಲ. ಆ ಉಪ್ಪನ್ನು ಅಂಗಳದ ಚಾಪೆಯ ಮೇಲೆ ಹರವಿ ಒಣಗಲಿಟ್ಟು, ಅದರ ಮುಂದೆಯೇ ಕುಕ್ಕರಗಾಲಲ್ಲಿ ಕುಳಿತ.

ದೀಪ ಹಚ್ಚುವ ಹೊತ್ತಿಗೆ ಬಡೇಬೀ ಮಂಚದಿಂದ ಕೇಳಿದಳು, "ನಿಮ್ಮಣ್ಣ ಆ ಬರ್ಫದ ಕಾರ್ಖಾನ್ಯಾಗ ಬಾಳ ದಿನದಿಂದ ಅದಾನೇನು?"

"ಮೀಸಿ ಬರೋದಕ್ಕಿಂತ ಮೊದಲಿಂದ."

"ಯಾವ ಊರಿಗೆಲ್ಲ ಬರ್ಫ ಹೋಗ್ತದ?"

"ಊರಿಗೆಲ್ಲಿ ಹೋಗ್ತದ ಖಾಲಾ? ರೈಲಿನವ್ರಿಗೆ, ದವಾಖಾನಿಗೆ, ಅಲ್ಲೇ ಪ್ಯಾಟಿಗೆ."

"ಮಾನ್ವಿಗೆ?"

"ಮಾನ್ವಿಗೂ ಹೋಗಂಗಿಲ್ಲ. ಬ್ಯಾಸಿಗ್ಯಾಗ ನಡುದಾರ್ಯಾಗಿನ ಕಲ್ಲೂರು ದಾಟಂಗಿಲ್ಲ ಅಂತಿದ್ದ."

ಸುಗ್ರಾ ತಾನೇ ಆಡಿದ ಮಾತನ್ನು ತಾನು ಕೇಳಿಸಿಕೊಂಡಳು. ಒಲೆಯಲ್ಲಿ ಕೊಳ್ಳಿ ಚಟ್ ಎಂದಿತು.

"ಹಂಗಾರ," ಎಂದಳು ಮುದುಕಿ, "ಹತ್ರದ ಮಾನ್ವಿನೇ ಮುಟ್ಟಂಗಿಲ್ಲ ಅಂತ ಗೊತ್ತಿದ್ದಾವ, ದೇವದುರ್ಗಕ್ಕ ಯಾಕ ಕಳಸಾಕತ್ತಾನ? ಅದೂ ಎರಡು ಸರ್ತಿ?"

ಸುಗ್ರಾ ಕೊಳ್ಳಿಯನ್ನು ಒಲೆಯೊಳಗೆ ತಳ್ಳಿದಳು.

"ಗಂಡಸರಿಗೆ ಬಾ ಅನ್ನಾಕ ನಾಲಿಗಿ ಹೊಳ್ಳಂಗಿಲ್ಲ ದುಲ್ಹನ್. ನಿಮ್ಮ ಮಾವನೂ ಹಂಗ ಇದ್ದ. ನಾ ಸಿಟ್ಟಾಗಿ ತವರಿಗೆ ಹೋದ್ರ, ಅಲ್ಲಿಗೆ ಎಮ್ಮಿ ಕಳಿಸಿದ್ದ. ಎಮ್ಮಿ ನಂಗ ಬಿಟ್ರ ಯಾರಿಗೂ ಹಿಂಡಾಕ ಕೊಡ್ತಿರಲಿಲ್ಲ."

"ಅಂವ ಕರಿಯೋತನಾ ಹೊಸ್ತಿಲ ತುಳಿಯಂಗಿಲ್ಲ ಅಂದೀನಿ ಖಾಲಾ. ಮಾತು ಕೊಟ್ಟು ಬಂದೀನಿ. ಕರೀದ ಹೋಗಿ ನಿಂತಾಗ ಮತ್ತ ನೆಲ ನೋಡಿದ್ರ? ಆ ಮ್ಯಾಲ ನಂಗ ತವರು ಅನ್ನೋದೇ ಇರಂಗಿಲ್ಲ."

"ಈಗ ಅದ ಏನು?"

ಸುಗ್ರಾ ಹಾಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಬಡೇಬೀ ಹೊದಿಕೆ ಎಳೆದುಕೊಳ್ಳುತ್ತ, "ಹಾಲು ಕೆಟ್ಟುಹೋಗ್ತದ, ಖೋವಾ ಮಾಡಿಡು. ನಾಳಿ ಮೋಟಾರಿಗೆ ಹೋಗಾಣ" ಎಂದಳು.

"ಹೋಗಾಣ? ನೀವೂನಾ?"

"ಮತ್ತ? ಆ ತುಣುಕು ತಿಂದಾಗಿಂದ ನನ್ನ ನಾಲಿಗಿ ರಾಯಚೂರಾಗ ಕುಂತದ. ತರಾಕ ಹೋಗಬ್ಯಾಡೇನು?"

ಬೆಳಿಗ್ಗೆ ಬುರ್ಖಾ ತೊಟ್ಟ ಅತ್ತೆ ಸೊಸೆ ಇಬ್ಬರೂ ಮೋಟಾರಿನ ಹೆಂಗಸರ ಸೀಟಿನಲ್ಲಿ ಕುಳಿತರು. ಸುಗ್ರಾಳ ಮಡಿಲಲ್ಲಿ ಡಬ್ಬಿ, ಡಬ್ಬಿಯೊಳಗೆ ಎಲೆಯಲ್ಲಿ ಸುತ್ತಿದ ಖೋವಾ, ಬುಟ್ಟಿಯಲ್ಲಿ ಮಾವು, ಗುಲಾಬಿಯ ಶರಬತ್ತು, ಸಕ್ಕರೆಯ ಗಂಟು. ಗದ್ದೆಪ್ಪ ಒಣಗಿಸಿದ ಉಪ್ಪನ್ನು ತಾನೇ ಹೊತ್ತು ತಂದು ಮೋಟಾರಿನ ಮೇಲೆ ಹಾಕಿದ್ದ. ಗಬ್ಬೂರಿನಲ್ಲಿ ಒಲೆಗೆ ಇದ್ದಲಿ ತುಂಬಲು ನಿಂತಾಗ ಹಂಪಯ್ಯ ಕಿಟಕಿಯ ಹತ್ತಿರ ಬಂದು ದಾರಿ ಬದಿಯ ಬೇವಿನ ಮರ ತೋರಿಸಿದ. "ಎರಡು ಸರ್ತಿನೂ ಇಲ್ಲೇ ನೋಡ್ರಿ ಅಕ್ಕಾರ, ಇದರ ಬುಡಕ್ಕ ನೀರಾಗಿದ್ದು." ಸುಗ್ರಾ ನೋಡಿದಳು. ಉಳಿದ ನೆಲದ ಹಾಗೆಯೇ ಬಿರಿದ ಕರಿನೆಲ. ಆ ಮರ ಹಿಂದೆ ಸರಿದಾಗ ಅವಳು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಲ್ಲಿಂದ ಮುಂದಿನ ದಾರಿಯನ್ನು ಅವಳು ಎರಡು ವರ್ಷದಿಂದ ಕಂಡಿರಲಿಲ್ಲ.

ಮೋಟಾರು ರಾಯಚೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾವಿನ ಕೆರೆಯ ನೀರು ಇಳಿದು ಕೆಸರು ಕಾಣುತ್ತಿತ್ತು. ಕೋಟೆಯ ಬಾಗಿಲು ದಾಟಿ, ಓಣಿ ಹಿಡಿದು, ಮನೆಯ ಮುಂದೆ ಬಂದು ನಿಂತಾಗ ಶಹಜಾದಿ ಬಾಗಿಲಲ್ಲಿ ಕುಳಿತು ಗೋಧಿ ಹಸನು ಮಾಡುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು. ಅವಳ ಕಣ್ಣು ಸುಗ್ರಾಳ ಮುಖಕ್ಕಿಂತ ಮೊದಲು ಡಬ್ಬಿಯ ಮೇಲೆ ಹೋಯಿತು.

"ಬರ್ಫ ತಿನ್ನಾಕ ಬಂದೀನಿ, ಬೀ," ಎಂದು ಬಡೇಬೀ ಯಾರ ಮಾತಿಗೂ ಕಾಯದೆ ಒಳಗೆ ನಡೆದೇ ಬಿಟ್ಟಳು.

ಶಹಜಾದಿ ಎದ್ದಳು. "ಬರ್ರಿ. ಬಿಸಲಾಗ ಯಾಕ ನಿಂತೀರಿ."

ಅದು ಅತ್ತೆಗೆ ಹೇಳಿದ್ದೋ, ತನಗೆ ಹೇಳಿದ್ದೋ? ಸುಗ್ರಾ ಹೊರಗಿನ ಕಟ್ಟೆಯ ಮೇಲೆ ಕುಳಿತಳು. "ಭಾಯಿ ಬರಲಿ," ಎಂದಳು.

ಶಹಜಾದಿ ಒತ್ತಾಯ ಮಾಡಲಿಲ್ಲ. ಒಳಗೆ ಹೋಗಿ ನೀರು ತಂದು ಕೊಟ್ಟಳು. ಆಮೇಲೆ ಹೊಸ್ತಿಲ ಒಳಗಡೆ ಕುಳಿತು ಮತ್ತೆ ಮೊರ ಹಿಡಿದಳು. ಹೊಸ್ತಿಲ ಒಳಗೆ ಒಬ್ಬಳು, ಹೊರಗೆ ಒಬ್ಬಳು. ನಡುವೆ ಗೋಧಿಯ ಹೊಟ್ಟು ಹಾರುತ್ತಿತ್ತು. ಬಾಗಿಲ ಚೌಕಟ್ಟಿಗೆ ಹಸಿರು ಬಣ್ಣ ಹೊಸದಾಗಿ ಬಿದ್ದಿತ್ತು. ತಾಯಿ ಪ್ರತಿ ಬಾರಿ ಎದ್ದು ನಿಲ್ಲುವಾಗ ಕೈಯೂರುತ್ತಿದ್ದಲ್ಲಿ ಮರ ನುಣ್ಣಗಾಗಿತ್ತು. ಬಣ್ಣ ಅಲ್ಲಿ ಮಾತ್ರ ಸರಿಯಾಗಿ ಹಿಡಿದಿರಲಿಲ್ಲ. ಸುಗ್ರಾ ಅದನ್ನೇ ನೋಡುತ್ತ ಕುಳಿತಳು. ಅಣ್ಣ ಬಂದು ಏನೆಂದಾನು? ಏನೂ ಅನ್ನದಿದ್ದರೆ, ಸಂಜೆಯ ಮೋಟಾರು ಇಲ್ಲ, ಎಲ್ಲಿಗೆ ಹೋಗುವುದು? ಇದನ್ನೆಲ್ಲ ದೇವದುರ್ಗದಲ್ಲಿ ಯೋಚಿಸಿಯೇ ಇರಲಿಲ್ಲ.

ಓಣಿಯ ತಿರುವಿನಲ್ಲಿ ಮೀರಾಹುಸೇನ ಕಾಣಿಸಿದ. ಸ್ಟೇಷನ್ನಿನ ಹತ್ತಿರ ಹಂಪಯ್ಯ ಸುದ್ದಿ ಮುಟ್ಟಿಸಿರಬೇಕು. ಹೆಗಲ ಮೇಲೆ ಗೋಣಿ ಸುತ್ತಿದ ಬರ್ಫದ ದೊಡ್ಡ ಗಡ್ಡೆ. ನೀರು ಬೆನ್ನ ಮೇಲೆ, ತೋಳ ಮೇಲೆ, ಲುಂಗಿಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಭಾರಕ್ಕೆ ಬಾಗಿ, ಓಡಿದಂತೆ ನಡೆದಂತೆ ಬರುತ್ತಿದ್ದ. ಗಡ್ಡ ನರೆತಿತ್ತು. ಕಟ್ಟೆಯ ಮೇಲೆ ಅವಳನ್ನು ಕಂಡು ಒಂದು ಹೆಜ್ಜೆ ತಡೆದ. ಬಾಯಿ ತೆರೆದ. ಆಗಲೇ ಗಡ್ಡೆ ಗೋಣಿಯೊಳಗೆ ಜಾರಿತು.

"ಏ ಏಳು ಏಳು, ಯಾಕ ಕುಂತೀದಿ? ಒಳಗ ನಡಿ, ಕರಗಾಕತ್ತದ. ಟೊಪ್ಪಲಿ ಎಲ್ಲದ ನೋಡು."

ಸುಗ್ರಾ ಎದ್ದಳು. ಡಬ್ಬಿ ಬಗಲಿಗಿಟ್ಟು ಓಡಿದಳು. ನಡುಮನೆ ದಾಟಿ, ಅಂಗಳಕ್ಕೆ ಬಂದು, ಬಾವಿಯ ಪಕ್ಕ ಮಗುಚಿ ಹಾಕಿದ್ದ ಮರದ ಟೊಪ್ಪಲಿಯನ್ನು ಎತ್ತಿ ನಿಲ್ಲಿಸಿದ ಮೇಲೆಯೇ ಅವಳಿಗೆ ತಾನು ಹೊಸ್ತಿಲು ದಾಟಿದ್ದು ಗೊತ್ತಾದದ್ದು. ಹಿಂದಿರುಗಿ ನೋಡಿದಳು. ಯಾರೂ ಅದನ್ನು ಗಮನಿಸಿರಲಿಲ್ಲ. ಅಣ್ಣ ಗಡ್ಡೆ ಇಳಿಸಿ ಕುಟ್ಟುವ ಕೊಡತಿ ಹುಡುಕುತ್ತಿದ್ದ.

ಆ ಮೇಲೆ ಮಾತಿಗೆ ಪುರುಸೊತ್ತಿರಲಿಲ್ಲ. ಮೀರಾಹುಸೇನ ಬರ್ಫ ಕುಟ್ಟಿದ. ಸುಗ್ರಾ ಟೊಪ್ಪಲಿಯ ತಳಕ್ಕೆ ಬರ್ಫ ಹಾಸಿ, ಮೇಲೆ ಹಿಡಿ ಹಿಡಿ ಹರಳುಪ್ಪು ಹಾಕಿದಳು, ಗದ್ದೆಪ್ಪನ ಉಪ್ಪು. ಶಹಜಾದಿ ಹಾಲು ಕಾಯಿಸಿ, ಆರಿಸಿ ತಂದು ಕೊಟ್ಟಳು. ಗುಲಾಬಿಯ ಹಾಲು ಮೊದಲ ಗೆರೆಯ ತನಕ ಏರಿತು. ಮುಚ್ಚಳ ಬಿಗಿದು, ಉಪ್ಪುನೀರು ಒಳಗೆ ಇಳಿಯದಂತೆ ಸುತ್ತಲೂ ಕಲಸಿದ ಗೋಧಿಹಿಟ್ಟು ಮೆತ್ತಿ, ಡಬ್ಬಿಯನ್ನು ಬರ್ಫದಲ್ಲಿ ಹುಗಿದು, ಮೇಲೆ ಗೋಣಿ ಹೊದಿಸಿದರು. ಇನ್ನು ಕಾಯುವುದೇ ಕೆಲಸ.

ಅವಸರ ಮಾಡಿದರೆ ಪದರ ಪದರವಾಗಿ ನಿಲ್ಲುವುದಿಲ್ಲ. ಒಂದರ ಬಣ್ಣ ಒಂದಕ್ಕೆ ಇಳಿದು ಕಲಸಿ ಹೋಗುತ್ತದೆ. ತಾಯಿ ಕಣ್ಣಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದಳು. ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟಿದಾಗ ಮೊದಲು 'ಬುಳಕ್' ಎಂದು ನೀರಿನ ಸದ್ದು, ಆಮೇಲೆ ಮೊಸರಿನಂಥ ಮೊಂಡು ಸದ್ದು, ಕೊನೆಗೆ ಮರ ತಟ್ಟಿದ ಹಾಗೆ. ಸುಗ್ರಾ ಆಗಾಗ ಗೋಣಿ ಸರಿಸಿ ತಟ್ಟಿದಳು. ಹಳೆಯ ಸದ್ದುಗಳು ಒಂದೊಂದಾಗಿ ಬಂದವು.

ಮಾವಿನ ಸರದಿ ಬಂದಾಗ ಅವಳು ಸಕ್ಕರೆಯ ಗಂಟು ಬಿಚ್ಚಿದಳು. ಶಹಜಾದಿ ಅವಳ ಕೈ ಮೇಲೆ ಕೈಯಿಟ್ಟಳು.

"ಮಾವಿಗೆ ಸಕ್ಕರಿ ಹಾಕ್ತಿರಲಿಲ್ಲ ಅಮ್ಮ."

"ಹಾಕ್ತಿದ್ಲು. ನಾ ನೋಡೀನಿ."

"ಮೊದಲು ಹಾಕ್ತಿದ್ರೇನೋ. ಕಡಿಗೆ ಬಿಟ್ಟಿದ್ರು. ಎದ್ದು ಕುಂದ್ರಾಕ ಆಗದ ವರ್ಷ ನನ್ನ ಕೈಲೇ ಮಾಡಿಸಿದ್ರು, ಮಂಚದ ಮ್ಯಾಲ ಮಲಕ್ಕೊಂಡು ಹೇಳಿ ಹೇಳಿ. ಮಾವು ಹುಳಿನೇ ಇರಲಿ, ಎರಡೂ ಕಡಿ ಸಿಹಿ ಅದಲ್ಲ ಅಂತಿದ್ರು."

ಸುಗ್ರಾ ಅವಳ ಮುಖ ನೋಡಿದಳು. ತಾನು ಕಾಣದ ಒಬ್ಬ ತಾಯಿ ಈ ಹೆಂಗಸಿಗೆ ಗೊತ್ತಿದ್ದಳು. ಅವಳು ಸಕ್ಕರೆಯ ಗಂಟು ಕಟ್ಟಿದಳು. ಮಾವು ಹಾಗೆಯೇ ಎರಡನೆಯ ಗೆರೆಯ ತನಕ ಏರಿತು.

"ಡಬ್ಬಿ ಕಳಿಸಿದ್ದು ನಾನು," ಎಂದಳು ಶಹಜಾದಿ, ಮುಚ್ಚಳಕ್ಕೆ ಹಿಟ್ಟು ಮೆತ್ತುತ್ತ, ಮುಖ ಎತ್ತದೆ. "ನಿಮ್ಮಣ್ಣ ಬರೇ ಮೋಟಾರುತನಾ ಹೊತ್ಕೊಂಡು ಹೋದ."

ಮೀರಾಹುಸೇನ ಟೊಪ್ಪಲಿಯ ತಳದ ಬಿರಡೆ ತೆಗೆದು ಉಪ್ಪುನೀರು ಹರಿಬಿಡುತ್ತಿದ್ದ. ಸುಗ್ರಾ ಅವನ ಕಡೆ ತಿರುಗಿದಳು.

"ಭಾಯಿ, ದೇವದುರ್ಗಕ್ಕ ಬರ್ಫ ಮುಟ್ಟಂಗಿಲ್ಲ ಅಂತ ನಿಂಗ ಗೊತ್ತಿತ್ತೇನು?"

ಅವನು ಬೇರೆ ಕಡೆ ನೋಡಿದ. "ಹೊಟ್ಟು ಚಲೋ ಇತ್ತಲ್ಲ," ಎಂದ.

ಮಂಚದ ಮೇಲಿಂದ ಬಡೇಬೀ ನಕ್ಕಳು. "ನಮ್ಮನ್ಯಾಗ ಎಮ್ಮಿ, ನಿಮ್ಮನ್ಯಾಗ ಬರ್ಫ."

ಯಾರಿಗೂ ಅರ್ಥವಾಗಲಿಲ್ಲ, ಸುಗ್ರಾಳೊಬ್ಬಳಿಗೆ ಆಯಿತು.

ಸಂಜೆಯ ಅಜಾನು ಮುಗಿದ ಮೇಲೆ ಡಬ್ಬಿ ಹೊರಗೆ ಬಂತು. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಒಂದು ಸುತ್ತು ಸುತ್ತಿ, ತಟ್ಟೆಯ ಮೇಲೆ ಮಗುಚಿ, ಸುಗ್ರಾ ಮೆಲ್ಲಗೆ ಡಬ್ಬಿ ಎತ್ತಿದಳು. ಮೇಲೆ ಗುಲಾಬಿ, ನಡುವೆ ಮಾವು, ಕೆಳಗೆ ಖೋವಾ. ಅಣ್ಣ ನಡುವೆ ಟೊಪ್ಪಲಿ ಅಲುಗಾಡಿಸಿದ್ದರಿಂದ ಮಾವಿನ ಪದರ ಒಂದು ಕಡೆ ಓರೆಯಾಗಿತ್ತು. ಆ ಮೂಲೆಯ ತಗ್ಗು ಬರ್ಫದಲ್ಲೂ ಮೂಡಿತ್ತು. ದಾರ ಬಿಗಿಹಿಡಿದು ಉದ್ದಕ್ಕೆ ಅಡ್ಡಕ್ಕೆ ಕೊಯ್ದರು. ಬೆರಳಗಲದ, ಗೇಣುದ್ದದ ತುಂಡುಗಳು. ಬಡೇಬೀ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈ ಚಾಚಿ, "ಇದು ಗದ್ದೆಪ್ಪನ ಪಾಲು, ಅವ ಇಲ್ಲಲ್ಲ" ಎಂದಳು.

ಸುಗ್ರಾ ಮೊದಲ ತುತ್ತು ಬಾಯಿಗಿಟ್ಟಾಗ ಅದು ಅದೇ ಎನಿಸಿತು. ಎರಡನೆಯದಕ್ಕೂ ಅನಿಸಿತು. ಮೂರನೆಯ ತುತ್ತಿಗೆ ಗೊತ್ತಾಯಿತು, ಅದಲ್ಲ. ಕೊರತೆ ಎಲ್ಲಿ ಎಂದು ಹುಡುಕಿದಳು. ಏಲಕ್ಕಿ ಸರಿಯಿತ್ತು, ಮಾವಿನ ಹುಳಿ ಎರಡು ಸಿಹಿಗಳ ನಡುವೆ ಸರಿಯಾಗಿ ಕೂತಿತ್ತು. ಅಣ್ಣನೂ ತಿನ್ನುವುದು ನಿಲ್ಲಿಸಿ ತಟ್ಟೆ ನೋಡುತ್ತಿದ್ದ.

ಕೊನೆಯ ತುಂಡೊಂದು ಉಳಿಯಿತು. ಶಹಜಾದಿ ಅದನ್ನು ಹಿತ್ತಾಳೆಯ ಬಟ್ಟಲಿಗೆ ಹಾಕಿ, ಬಾವಿಯ ಪಕ್ಕದ ಗೂಡಿನಲ್ಲಿಡಲು ಹೊರಟಳು.

"ಯಾರಿಗದು?" ಸುಗ್ರಾ ಕೇಳಿದಳು.

ಶಹಜಾದಿ ನಿಂತಳು. ಏನೋ ರೂಢಿಯ ಮೇಲೆ ಮಾಡಿದವಳಂತೆ ಕೈಯಲ್ಲಿನ ಬಟ್ಟಲು ನೋಡಿದಳು. "ನಿಂಗ," ಎಂದಳು. "ನಿನ್ನ ಲಗ್ನ ಆದಾಗಿಂದ ಒಂದು ತುಂಡು ಸುಗ್ರಾಂದು ಅಂತ ಅಮ್ಮ ಇಲ್ಲಿ ಎತ್ತಿಡ್ತಿದ್ರು. ಕರಗ್ತದಲ್ಲ ಅಮ್ಮಾ ಅಂದ್ರ, ಕರಗಲಿ ಅಂತಿದ್ರು. ಪೂರಾ ನೀರಾದ ಮ್ಯಾಲ ತಾವೇ ಕುಡೀತಿದ್ರು. ಬ್ಯಾರೇ ಯಾರಿಗೂ ಕೊಡ್ತಿರಲಿಲ್ಲ."

ಸುಗ್ರಾ ಬಟ್ಟಲನ್ನು ಅವಳ ಕೈಯಿಂದ ಇಸಿದುಕೊಂಡಳು. ಗೂಡಿನ ಕೆಳಗೆ, ತಾಯಿ ಕೂರುತ್ತಿದ್ದ ಕಲ್ಲಿನ ಮೇಲೆ ಕುಳಿತು, ಬಟ್ಟಲನ್ನು ಎದುರಿಗಿಟ್ಟುಕೊಂಡಳು. ಹಗಲಿನ ಕಾವು ಕಲ್ಲಿನಲ್ಲಿ ಇನ್ನೂ ಇತ್ತು. ಅಣ್ಣ ಬಂದು, "ತಿನ್ನು, ನಿಂದೇ ಅಲ್ಲೇನು" ಎಂದ. "ಇರಲಿ" ಎಂದಳು. ಅವನು ಗಡ್ಡ ಕೆರೆದುಕೊಂಡು, ಟೊಪ್ಪಲಿ ತೊಳೆಯಲು ಹೋದ.

ಮೊದಲು ತುಂಡಿನ ಅಂಚುಗಳು ದುಂಡಗಾದವು. ಗುಲಾಬಿ ಇಳಿದು ಮಾವಿನ ಮೇಲೆ ಹರಿಯಿತು. ಮಾವು ಒಂದು ಕಡೆಗೆ ಕುಸಿಯಿತು. ಖೋವಾ ಮಾತ್ರ ಬಹಳ ಹೊತ್ತು ಗಟ್ಟಿಯಾಗಿ ನಿಂತಿತ್ತು, ಆಮೇಲೆ ಅದೂ ಸಡಿಲಾಗಿ ಹರಡಿತು. ತಾನು ದೇವದುರ್ಗದ ಒಲೆಯ ಮುಂದೆ ಮೋಟಾರಿನ ಸದ್ದಿಗೆ ಕಿವಿಗೊಟ್ಟು ಕುಳಿತ ಸಂಜೆಗಳಲ್ಲಿ, ಇಲ್ಲಿ, ಈ ಕಲ್ಲಿನ ಮೇಲೆ ಒಬ್ಬಳು ಇದನ್ನೇ ನೋಡುತ್ತ ಕುಳಿತಿರುತ್ತಿದ್ದಳು. ಅದು ಸುಗ್ರಾಳಿಗೆ ಗೊತ್ತಿರಲಿಲ್ಲ.

ಮಾಳಿಗೆಯ ಮೇಲಿಂದ ಚಾಪೆ ಕೊಡವಿದ ಸದ್ದು ಬಂತು. ಶಹಜಾದಿ ಅಂಚಿಗೆ ಬಂದು ಕೆಳಗೆ ಬಗ್ಗಿದಳು.

"ಸುಗ್ರಾ, ಇಲ್ಲೇ ಗಾಳಿಗೆ ಹಾಸೀನಿ. ಬಾ."

"ಬಂದೆ," ಎಂದಳು ಸುಗ್ರಾ. ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಬಾಯಿಗಿಟ್ಟಳು. ತಂಪು ಪೂರ್ತಿ ಹೋಗಿತ್ತು. ತಳದಲ್ಲಿ ಉಳಿದಿದ್ದ ಖೋವಾದ ತರಿಯನ್ನು ಬೆರಳಿಂದ ಬಳಿದುಕೊಂಡು, ಬಟ್ಟಲು ತೊಳೆದು ಗೂಡಿನಲ್ಲಿ ಬೋರಲಿಟ್ಟು, ಮೆಟ್ಟಿಲು ಹತ್ತಿದಳು.